ಅಂತೋಣಪ್ಪನ ಹುಂಡಿಯಿಂದ ಹಾಡಿಯ ತನಕ

ದೋರನಹಳ್ಳಿಗೆ ಹೋಗುವುದಿದ್ದರೆ ಮಂಗಳವಾರ ಹೋಗಬೇಕು. ಮೈಸೂರಿನಿಂದ ಅರಸೀಕೆರೆ ಕಡೆಗೆ ಹೊರಡುವ ಪ್ಯಾಸೆಂಜರ್ ಗಾಡಿ ಹತ್ತಿದರೆ, ಸಾಗರಕಟ್ಟೆಯ ಹತ್ತಿರ ಕನ್ನಂಬಾಡಿ ಕಟ್ಟೆಯ ಹಿನ್ನೀರು ಎರಡೂ ಕಡೆ ತೆರೆದುಕೊಳ್ಳುತ್ತದೆ. ಆಗಸ್ಟ್ ತಿಂಗಳಾದ್ದರಿಂದ ನೀರು ತುಂಬಿ ನಿಂತಿತ್ತು. ನನ್ನ ಎದುರು ಕೂತಿದ್ದ ಅಜ್ಜಿ ಕಿಟಕಿಯಿಂದಲೇ ನೀರಿಗೆ ಕೈಮುಗಿದು, ಒಂದು ರೂಪಾಯಿ ಎಸೆದು, ಸೆರಗಿನ ಗಂಟನ್ನು ಮತ್ತೆ ಬಿಗಿಯಾಗಿ ಕಟ್ಟಿಕೊಂಡಳು. ಉಳಿದ ದುಡ್ಡು ಯಾರಿಗೆ ಎಂದು ಕೇಳಿದೆ. "ಅಂತೋಣಪ್ಪಂಗೆ" ಎಂದಳು. ಹಣೆಯಲ್ಲಿ ಕಾಸಗಲ ಕುಂಕುಮ, ಮುಡಿಯಲ್ಲಿ ಕನಕಾಂಬರ. "ನಮ್ಮನೆ ದೇವ್ರಲ್ಲ ಕಣಪ್ಪ ಅವ್ನು. ಆದ್ರೆ ನನ್ ಮೊಮ್ಮಗನ್ನ ಉಳಿಸ್ಕೊಟ್ಟೋನು."

ಕೆ.ಆರ್. ನಗರ ತಾಲ್ಲೂಕಿನ ಈ ಪುಟ್ಟ ಹಳ್ಳಿಯಲ್ಲಿರುವುದು ಸಂತ ಅಂತೋಣಿಯವರ ಪುಣ್ಯಕ್ಷೇತ್ರ. 2019ರಲ್ಲಿ ರೋಮ್ ಇದನ್ನು ಕಿರಿಯ ಬಸಿಲಿಕಾ ಎಂದು ಘೋಷಿಸಿತು. ಊರಿನವರಿಗೆ ಆ ಪದವಿ ಸಂತೋಷ ತಂದಿದೆ, ಆದರೆ ಅವರು ಹೇಳುವ ಕಥೆ ಅದಕ್ಕಿಂತ ತುಂಬ ಹಳೆಯದು. ಹೊಲ ಉಳುತ್ತಿದ್ದ ರೈತನೊಬ್ಬನ ನೇಗಿಲಿಗೆ ಏನೋ ತಗುಲಿ ಸದ್ದಾಯಿತಂತೆ. ಅಗೆದು ನೋಡಿದರೆ ಮರದ ಒಂದು ಗೊಂಬೆ. ಮಕ್ಕಳು ಆಡಿಕೊಳ್ಳಲಿ ಎಂದು ಮನೆಗೆ ತಂದ. ರಾತ್ರಿ ಕನಸಿನಲ್ಲಿ ನಿಲುವಂಗಿ ತೊಟ್ಟ ಸನ್ಯಾಸಿಯೊಬ್ಬ ಬಂದು ತನಗೊಂದು ಗುಡಿ ಕಟ್ಟು ಎಂದ. ರೈತ ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. ಮನೆಗೆ ಕಷ್ಟದ ಮೇಲೆ ಕಷ್ಟ ಬಂತು. ಕೊನೆಗೆ ಗುಡಿ ಕಟ್ಟಿದ. ಆಮೇಲೆ ಈ ದಾರಿಯಲ್ಲಿ ಬಂದ ಪಾದ್ರಿಯೊಬ್ಬರು ನೋಡಿ, ಇದು ಅಂತೋಣಿಯವರ ಪ್ರತಿಮೆ ಎಂದು ಗುರುತಿಸಿದರು. ಲಿಸ್ಬನ್ನಿನಲ್ಲಿ 1195ರಲ್ಲಿ ಹುಟ್ಟಿ, 1231ರ ಜೂನ್ 13ರಂದು ಪಡುವಾದಲ್ಲಿ ತೀರಿಕೊಂಡು, ವರ್ಷ ತುಂಬುವ ಮೊದಲೇ ಸಂತ ಎನಿಸಿಕೊಂಡವರು ಎಲ್ಲಿ, ಕಾವೇರಿ ಬಯಲಿನ ಒಕ್ಕಲಿನ ನೇಗಿಲು ಎಲ್ಲಿ! ಆ ಪ್ರತಿಮೆ ಈ ಮಣ್ಣಿಗೆ ಹೇಗೆ ಬಂತು ಎಂಬ ಪ್ರಶ್ನೆ ನನಗೆ ಮುಖ್ಯ ಅನ್ನಿಸಲಿಲ್ಲ. ಈ ಮಣ್ಣು ಅದನ್ನು ತನ್ನದು ಮಾಡಿಕೊಂಡ ಬಗೆಗೇ ಬೆರಗಾದೆ.

ಆವರಣದಲ್ಲಿ ಮುಡಿ ಕೊಟ್ಟು ಬೋಳಾದ ಮಕ್ಕಳ ತಲೆಗಳು ಬಿಸಿಲಿಗೆ ಮಿನುಗುತ್ತಿದ್ದವು. ಬುರ್ಖಾ ತೊಟ್ಟ ತಾಯಿ, ಅಯ್ಯಪ್ಪನ ಮಾಲೆಯ ಯುವಕ, ಪೇಟ ಸುತ್ತಿದ ಗೌಡರು, ಎಲ್ಲರೂ ಒಂದೇ ಸಾಲಿನಲ್ಲಿ. ಮೋಂಬತ್ತಿಯ ಮೇಣ ಕರಗಿ ಕಬ್ಬಿಣದ ತಟ್ಟೆಯ ಅಂಚಿನಲ್ಲಿ ಹೆಪ್ಪುಗಟ್ಟಿತ್ತು. ಮರದ ಕೆಳಗೆ ಒಂದು ಕುಟುಂಬ ಹರಕೆ ತೀರಿಸುತ್ತ ಅನ್ನ ಸಾರು ಬಡಿಸುತ್ತಿತ್ತು. ಉಣ್ಣುತ್ತಿದ್ದವರಲ್ಲಿ ಅವರ ನೆಂಟರು ಯಾರೂ ಇರಲಿಲ್ಲ, ಗೇಟಿನ ಹೊರಗೆ ಕೂತವರನ್ನೆಲ್ಲ ಕರೆದು ಕೂರಿಸಿದ್ದರು. "ಬಡವರಿಗೆ ಹಾಕ್ತೀವಿ ಅಂತ ಹೇಳ್ಕೊಂಡಿದ್ವಿ" ಎಂದ ಮನೆಯ ಯಜಮಾನನ ಅಂಗಿಯ ಹೆಗಲು ಹರಿದು ಹೊಲಿಗೆ ಹಾಕಿತ್ತು.

ಈ ಹರಕೆಗೆ ದೂರದ ಒಂದು ಒಡಹುಟ್ಟು ಇದೆ. 1890ರಲ್ಲಿ ಫ್ರಾನ್ಸಿನ ತುಲೋನ್ ಬಂದರಿನಲ್ಲಿ ಲೂಯೀಸ್ ಬೂಫಿಯೆ ಎಂಬ ಹೆಂಗಸಿಗೆ ಒಂದು ಚಿಕ್ಕ ಅಂಗಡಿ ಇತ್ತು. ಒಂದು ಬೆಳಿಗ್ಗೆ ಬೀಗ ತೆರೆಯಲಿಲ್ಲ. ಬೀಗದವನು ಕೈಚೆಲ್ಲಿದ, ಬಾಗಿಲು ಒಡೆಯಬೇಕು ಎಂದ. ಒಡೆಯದೆ ತೆರೆದರೆ ಅಂತೋಣಿಯವರ ಹೆಸರಿನಲ್ಲಿ ಬಡವರಿಗೆ ರೊಟ್ಟಿ ಕೊಡುತ್ತೇನೆ ಎಂದು ಆಕೆ ಹರಕೆ ಹೊತ್ತಳು. ಮುಂದಿನ ಕೀಲಿಗೇ ಬಾಗಿಲು ತೆರೆಯಿತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಪ್ರತಿಮೆ, ಒಂದು ಕಾಣಿಕೆ ಡಬ್ಬಿ ಇಟ್ಟಳು. 'ಅಂತೋಣಿಯವರ ರೊಟ್ಟಿ' ಎಂಬ ದಾನ ಅಲ್ಲಿಂದ ಕಥೋಲಿಕ ಜಗತ್ತಿನಲ್ಲೆಲ್ಲ ಹರಡಿತು. ದೋರನಹಳ್ಳಿಯ ಮರದ ಕೆಳಗೆ ಅನ್ನ ಬಡಿಸುತ್ತಿದ್ದ ಯಜಮಾನನಿಗೆ ಆ ಅಂಗಡಿಯ ಸುದ್ದಿಯೇ ಗೊತ್ತಿಲ್ಲ. ಇಬ್ಬರೂ ಮಾಡಿದ್ದು ಮಾತ್ರ ಒಂದೇ ಕೆಲಸ.

ನಾನು ಈ ಸೀಮೆಗೆ ಬಂದದ್ದು ಆ ಕೆಲಸ ಎಲ್ಲೆಲ್ಲಿ ಹರಿದಿದೆ ಎಂದು ನೋಡಲು. ಕೆ.ಆರ್. ನಗರ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ: ಪ್ರವಾಸಿಗರು ಈ ನಾಲ್ಕು ತಾಲ್ಲೂಕುಗಳನ್ನು ಸಾಮಾನ್ಯವಾಗಿ ಕಾರಿನ ಗಾಜಿನಿಂದಲೇ ನೋಡುತ್ತಾರೆ. ಕೊಡಗಿಗೆ ಹೋಗುವ ದಾರಿ, ಕಬಿನಿಗೆ ಹೋಗುವ ದಾರಿ, ಅಷ್ಟೆ.

ಕೆ.ಆರ್. ನಗರದಲ್ಲಿ ನಾಟಿ ನಡೆದಿತ್ತು. ಕಾವೇರಿಯ ಪ್ರವಾಹಕ್ಕೆ ಸಿಕ್ಕ ಹಳೆಯ ಎಡತೊರೆಯ ಪಕ್ಕದಲ್ಲಿ ಹೊಸದಾಗಿ ಕಟ್ಟಿದ ಈ ಊರಿನ ಸುತ್ತ ಭತ್ತದ ಗದ್ದೆ ಕಣ್ಣು ಹಾಯಿಸಿದಷ್ಟು ದೂರ. ಭತ್ತದ ಕಣಜ ಎನ್ನಿಸಿಕೊಂಡ ನಾಡಿನಲ್ಲೂ ಅಕ್ಕಿ ಇಲ್ಲದ ಮನೆ ಇರುತ್ತದೆ. ಅದನ್ನು ನನಗೆ ತೋರಿಸಿದವರು ವಿನ್ಸೆಂಟ್ ಡಿ ಪಾಲ್ ಸಭೆಯ ಇಬ್ಬರು. ಒಬ್ಬರು ನಿವೃತ್ತ ಮೇಷ್ಟ್ರು, ಇನ್ನೊಬ್ಬರು ಗ್ಯಾರೇಜು ನಡೆಸುವವರು. 1833ರಲ್ಲಿ ಪ್ಯಾರಿಸ್ಸಿನಲ್ಲಿ ಇಪ್ಪತ್ತು ವರ್ಷದ ವಿದ್ಯಾರ್ಥಿ ಫ್ರೆಡೆರಿಕ್ ಒಜಾನಾಂ ಗೆಳೆಯರ ಜೊತೆ ಕಟ್ಟಿದ ಸಭೆ ಇದು. ಅವರ ಪದ್ಧತಿ ಸರಳ: ಬಡವರನ್ನು ಚರ್ಚಿಗೆ ಕರೆಸಿಕೊಳ್ಳಬಾರದು, ಇಬ್ಬಿಬ್ಬರಾಗಿ ಅವರ ಮನೆಗೇ ಹೋಗಬೇಕು. ಈ ಇಬ್ಬರೂ ಕತ್ತಲಾಗುವ ತನಕ ಕಾದರು. ಸ್ಕೂಟರಿನ ಮುಂದೆ ಅಕ್ಕಿ ಚೀಲ, ಮೇಲೆ ಬೆಡ್‌ಶೀಟ್ ಮುಚ್ಚಿತ್ತು. ಗಂಡನನ್ನು ಕಳೆದುಕೊಂಡ ಹೆಂಗಸಿನ ಮನೆಗೆ ಹಿತ್ತಲ ಬಾಗಿಲಿನಿಂದ ಹೋದರು. ಅರ್ಧ ಗಂಟೆ ಕೂತು ಮಗಳ ಕಾಲೇಜು ಫೀಸು, ರೇಷನ್ ಕಾರ್ಡಿನ ತಿದ್ದುಪಡಿ ವಿಚಾರ ಮಾತಾಡಿದರು. ಅಕ್ಕಿಯ ಮಾತು ಒಮ್ಮೆಯೂ ಬರಲಿಲ್ಲ. ಹಗಲು ಯಾಕೆ ಬರಲಿಲ್ಲ ಎಂದು ದಾರಿಯಲ್ಲಿ ಕೇಳಿದೆ. "ನೆರೆಯವರು ನೋಡ್ತಾರೆ ಸಾರ್, ಮಗಳಿಗೆ ನಾಚಿಕೆ ಆಗುತ್ತೆ" ಎಂದರು ಮೇಷ್ಟ್ರು. ಕೊಡುವವರು ಫೋಟೊ ತೆಗೆಸಿಕೊಳ್ಳುವ ಈ ಕಾಲದಲ್ಲಿ ಇಂಥ ಮನುಷ್ಯರು ಇನ್ನೂ ಇದ್ದಾರೆ ಎನ್ನುವುದೇ ನನಗೆ ಯಾವ ಜಲಪಾತಕ್ಕಿಂತ ದೊಡ್ಡ ನೋಟವಾಯಿತು.

ಹುಣಸೂರಿನ ಕಡೆ ತಿರುಗಿದರೆ ಹಸಿರಿನ ಬಣ್ಣವೇ ಬದಲಾಗುತ್ತದೆ. ಗದ್ದೆ ಮುಗಿದು ಹೊಗೆಸೊಪ್ಪಿನ ಹೊಲ ಶುರು. ಎತ್ತರದ ಬ್ಯಾರನ್‌ಗಳು, ಅವುಗಳ ಬುಡದಲ್ಲಿ ಸೌದೆ ರಾಶಿ, ಗಾಳಿಯಲ್ಲಿ ಸೊಪ್ಪು ಬೇಯುವ ಸಿಹಿಗಟ್ಟು ವಾಸನೆ. ಜಗಲಿಗಳ ಮೇಲೆ ಹೆಂಗಸರು ಹಸಿ ಎಲೆಯನ್ನು ಕಡ್ಡಿಗೆ ಕಟ್ಟುತ್ತಿದ್ದರು. ಅಂಟು ಹತ್ತಿ ಕೈ ಕಪ್ಪಾಗಿರುತ್ತದೆ, ಸೋಪಿಗೂ ಹೋಗುವುದಿಲ್ಲ. ಕಟ್ಟೆಮಳಲವಾಡಿಯ ಹರಾಜು ಕಟ್ಟೆಯಲ್ಲಿ ಬೆಲೆ ಬಂದರೆ ಸಾಲ ತೀರುತ್ತದೆ, ಬರದಿದ್ದರೆ ಮುಂದಿನ ವರ್ಷದ ಬೆಳೆಯನ್ನೂ ಸಾಲವೇ ನುಂಗುತ್ತದೆ. ಉಳುವವನಿಗೆ ಭೂಮಿ ಕೊಡಿಸಿದ 1974ರ ಭೂಸುಧಾರಣೆಯ ದೇವರಾಜ ಅರಸರು ಇದೇ ತಾಲ್ಲೂಕಿನ ಕಲ್ಲಹಳ್ಳಿಯವರು. ಭೂಮಿ ಬಂತು. ಬೀಜಕ್ಕೆ, ಮದುವೆಗೆ, ಆಸ್ಪತ್ರೆಗೆ ಬೇಕಾದ ಕೈಗಾಸು ಮಾತ್ರ ಬಡ್ಡಿಯವನ ಹತ್ತಿರವೇ ಉಳಿಯಿತು.

ಆ ಬಡ್ಡಿಯವನ ಜಾಗಕ್ಕೆ ಬಂದದ್ದು ಒಡಿಪಿ. ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗು ಈ ನಾಲ್ಕು ಜಿಲ್ಲೆಗಳ ಮೈಸೂರು ಧರ್ಮಪ್ರಾಂತ್ಯದ ಸಮಾಜ ಸೇವಾ ಸಂಸ್ಥೆ ಅದು. ಹಳ್ಳಿಯ ಹೆಂಗಸರ ಬಾಯಲ್ಲಿ ಬರೀ 'ವೋಡಿಪಿ'. ಅದಕ್ಕೂ ಮೊದಲಿನ ಕಾಲದಲ್ಲಿ ಪಾದ್ರಿಗಳ ಬಂಗಲೆಯಲ್ಲಿ ಅಮೆರಿಕದ ಹಾಲಿನಪುಡಿ, ಗೋಧಿ ನುಚ್ಚು, ಎಣ್ಣೆ ಹಂಚುತ್ತಿದ್ದರು. ವಯಸ್ಸಾದವರಿಗೆ ಆ ಡಬ್ಬಗಳ ಮೇಲಿನ ಕೈಕುಲುಕುವ ಚಿತ್ರ ಇನ್ನೂ ನೆನಪಿದೆ. 1962ರಲ್ಲಿ ಕಾರಿತಾಸ್ ಇಂಡಿಯಾ ಹುಟ್ಟಿದ ಮೇಲೆ ನಮ್ಮ ದೇಶದ ಕಥೋಲಿಕ ಸೇವೆ ನಿಧಾನವಾಗಿ ಹಂಚುವ ಕೈಯಿಂದ ಕಟ್ಟುವ ಕೈಯಾಗಿ ಬದಲಾಯಿತು. ಹಸಿವಿಗೆ ಹಾಲಿನಪುಡಿ ಬೇಕೇ ಇತ್ತು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಡಬ್ಬ ಖಾಲಿಯಾದ ಮರುದಿನ ಮತ್ತೆ ಅದೇ ಸಾಲಿನಲ್ಲಿ ನಿಲ್ಲಬೇಕಾಗಿತ್ತು.

ಹುಣಸೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಡಿಪಿ ಕಟ್ಟಿದ ಹೆಂಗಸರ ಉಳಿತಾಯ ಸಂಘದ ಸಭೆಗೆ ಹೋದೆ. ಸಂಜೆ ಏಳು ಗಂಟೆ, ಅಂಗನವಾಡಿಯ ಒಳಗೆ ಒಂದೇ ಟ್ಯೂಬ್‌ಲೈಟು. "ಬನ್ನಿ ಅಣ್ಣಾ, ಕೂತ್ಕಳಿ" ಎಂದು ಚಾಪೆ ಸರಿಸಿದರು. ಹದಿನೆಂಟು ಹೆಂಗಸರು ಸುತ್ತ ಕೂತರು. ನಡುವೆ ಒಂದು ತಗಡಿನ ಪೆಟ್ಟಿಗೆ, ಅದರ ಮೇಲೆ ಮೂಲೆ ಮಡಚಿದ ನಡವಳಿ ಪುಸ್ತಕ, ಉಳಿತಾಯದ ಪಾಸ್‌ಬುಕ್ಕುಗಳ ಕಟ್ಟು, ಒಣಗಿದ ಒಂದು ಸ್ಟಾಂಪ್ ಪ್ಯಾಡು. ಸ್ಟಾಂಪ್ ಪ್ಯಾಡು ಯಾಕೆ ಒಣಗಿದೆ ಎಂದರೆ ಯಾರೂ ಹೆಬ್ಬೆಟ್ಟು ಒತ್ತುವುದಿಲ್ಲವಂತೆ. ಎಲ್ಲರೂ ಸಹಿ ಹಾಕಿದರು. ಒಬ್ಬಾಕೆ ತನ್ನ ಹೆಸರಿನ ಮೂರು ಅಕ್ಷರ ಬರೆಯಲು ಒಂದು ನಿಮಿಷ ತೆಗೆದುಕೊಂಡಳು, ಸುತ್ತ ಇದ್ದವರು ಉಸಿರು ಬಿಗಿಹಿಡಿದು ಕಾದರು. ವಾರಕ್ಕೆ ತಲಾ ಇಪ್ಪತ್ತು ರೂಪಾಯಿ. ಹದಿನೆಂಟು ಜನಕ್ಕೆ 360, ವರ್ಷಕ್ಕೆ ಲೆಕ್ಕ ಹಾಕಿದರೆ 18,720. ಅದು ಅವರೊಳಗೇ ಸಾಲವಾಗಿ ಓಡಾಡುತ್ತದೆ, ಬಡ್ಡಿ ಅವರ ಪೆಟ್ಟಿಗೆಗೇ ಬೀಳುತ್ತದೆ.

ಆ ಸಂಜೆ ಸಾಲ ಕೇಳಿದವರು ಇಬ್ಬರು. ಒಬ್ಬಳಿಗೆ ಹಸುವಿನ ಔಷಧಿಗೆ, ಇನ್ನೊಬ್ಬಳಿಗೆ ಮಗನ ಐ.ಟಿ.ಐ. ಫೀಸಿಗೆ. ಪೆಟ್ಟಿಗೆಯಲ್ಲಿ ಇದ್ದದ್ದು ಒಬ್ಬರಿಗೆ ಸಾಲುವಷ್ಟು. ಚರ್ಚೆ ಜೋರಾಯಿತು. ಕೊನೆಗೆ ಹಸುವಿನವಳೇ, "ಹಸ ಇನ್ನೊಂದು ವಾರ ತಡಕತದೆ, ಕಾಲೇಜ್ನೋರು ತಡಿಯಾಕಿಲ್ಲ, ಅವ್ಳ್ಗೇ ಕೊಡಿ" ಎಂದಳು. ಮೂಲೆಯಲ್ಲಿ ಕೂತಿದ್ದ ಸಂಸ್ಥೆಯ ಕಾರ್ಯಕರ್ತೆ ಒಂದು ಮಾತೂ ಆಡಲಿಲ್ಲ, ಲೆಕ್ಕ ತಪ್ಪಿದಾಗ ಮಾತ್ರ ಬೆರಳು ತೋರಿಸಿದಳು. ಸಭೆಯಲ್ಲಿದ್ದ ಹದಿನೆಂಟು ಜನರಲ್ಲಿ ಕ್ರೈಸ್ತರು ಒಬ್ಬರೇ. ಸಭೆ ಶುರುವಾದದ್ದು ಜನಪದ ಹಾಡಿನಿಂದ, ಮುಗಿದದ್ದು ಗೌರಿ ಹಬ್ಬದ ಸೀರೆ ಬೆಲೆಯ ಮಾತಿನಿಂದ. ಕ್ರೈಸ್ತ ಸಂಸ್ಥೆ ಎಂದೊಡನೆ ಮತಾಂತರದ ಮಾತೆತ್ತುವವರು ಇಂಥ ಚಾಪೆಯ ಮೇಲೆ ಒಂದು ಸಂಜೆ ಕೂತು ನೋಡಲಿ ಎಂದು ನನ್ನ ಪ್ರಾರ್ಥನೆ.

ಪಿರಿಯಾಪಟ್ಟಣ ದಾಟಿದರೆ ಬೈಲಕುಪ್ಪೆ ಬರುತ್ತದೆ. ನಾಮ್‌ಡ್ರೋಲಿಂಗ್ ಮಠದ ಚಿನ್ನದ ಬುದ್ಧರ ಮುಂದೆ ನಾನೂ ಕತ್ತೆತ್ತಿ ನಿಂತೆ. ಆದರೆ ಈ ಸಲ ನನ್ನ ಮನಸ್ಸು 1960-61ರ ಕಡೆಗೆ ಹೋಯಿತು. ಟಿಬೆಟಿನ ತಣ್ಣನೆಯ ಪ್ರಸ್ಥಭೂಮಿಯಿಂದ ಬಂದ ನಿರಾಶ್ರಿತರು ಆನೆ ಓಡಾಡುವ ಕಾಡು ಕಡಿದು, ಸೆಖೆಯಲ್ಲಿ ಬೆಂದು, ಮುಸುಕಿನ ಜೋಳ ಬಿತ್ತಿದ ಕಾಲ. ಮೈಸೂರು ಸರ್ಕಾರ ಜಮೀನು ಕೊಟ್ಟಿತು, ಜಗತ್ತಿನ ನಾನಾ ಕಡೆಯ ದಾನಿಗಳು ನೆರವಾದರು. 1968ರಲ್ಲಿ ಇದೇ ಪುನರ್ವಸತಿಗೆಂದು ಮೈರಾಡ ಎಂಬ ಸಂಸ್ಥೆ ಹುಟ್ಟಿತು. ಅದು ಚರ್ಚಿನ ಸಂಸ್ಥೆಯಲ್ಲ, ಆದರೆ ಈ ಕಥೆಗೆ ಅದು ಬೇಕು. ಟಿಬೆಟಿನವರ ಕೆಲಸ ಮುಗಿಯುತ್ತ ಬಂದಾಗ ಅದು ಸುತ್ತಲಿನ ನಮ್ಮ ಬಡವರ ಕಡೆ ತಿರುಗಿತು. 1980ರ ದಶಕದ ನಡುವೆ ದೊಡ್ಡ ಸಹಕಾರ ಸಂಘಗಳು ಕುಸಿದಾಗ, ಜನ ತಮ್ಮ ತಮ್ಮೊಳಗೆ ನಂಬಿಕೆ ಇರುವ ಚಿಕ್ಕ ಗುಂಪುಗಳಾಗಿ ಒಡೆದುಕೊಂಡು ಸಾಲ ತೀರಿಸುತ್ತೇವೆ ಎಂದರು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ ಹತ್ತು ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ 500 ಗುಂಪುಗಳಿಗೆ ಬ್ಯಾಂಕ್ ಸಾಲ ಜೋಡಿಸುವ ಯೋಜನೆ ದೇಶಕ್ಕೇ ಬಂತು. ಹುಣಸೂರಿನ ಆ ತಗಡಿನ ಪೆಟ್ಟಿಗೆಯ ಬೇರು ಅಲ್ಲಿದೆ. ಇವತ್ತು ದೇಶದ ಮೂಲೆ ಮೂಲೆಯಲ್ಲಿ ಕಾಣುವ ಸ್ವಸಹಾಯ ಸಂಘಗಳ ಮೊದಲ ಪಾಠ ಬರೆದವರಲ್ಲಿ ನಮ್ಮ ಕರ್ನಾಟಕದ ಓದು ಬಾರದ ಹೆಂಗಸರೂ ಇದ್ದರು ಎನ್ನುವುದನ್ನು ನಾವು ಸಾಕಷ್ಟು ಹೆಮ್ಮೆಯಿಂದ ಹೇಳಿಕೊಂಡಿಲ್ಲ.

ಎಚ್.ಡಿ. ಕೋಟೆಗೆ ಬರುವ ಹೊತ್ತಿಗೆ ಮಳೆ ಹಿಡಿದಿತ್ತು. ಬೆಳಗಿನ ಆರಕ್ಕೇ ರಸ್ತೆಯಲ್ಲಿ ಜೀಪುಗಳು ನಿಂತಿದ್ದವು. ಒಳಗೆ ಹದಿನೈದು ಇಪ್ಪತ್ತು ಜನ ಒತ್ತೊತ್ತಾಗಿ, ಕೊಡಗಿನ ಕಾಫಿ ತೋಟಗಳ ಕೂಲಿಗೆ ಹೊರಟವರು. ಹಿಂದಿನ ಬಾಗಿಲ ಕಂಬಿ ಹಿಡಿದು ನೇತಾಡುತ್ತಿದ್ದ ಹುಡುಗನಿಗೆ ಶಾಲೆಗೆ ಹೋಗುವ ವಯಸ್ಸು. ಇವರಲ್ಲಿ ಹಲವರು ಜೇನುಕುರುಬರು. ಕೇಂದ್ರ ಸರ್ಕಾರ ವಿಶೇಷವಾಗಿ ದುರ್ಬಲವೆಂದು ಗುರುತಿಸಿದ ರಾಜ್ಯದ ಎರಡು ಬುಡಕಟ್ಟುಗಳಲ್ಲಿ ಇವರದು ಒಂದು, ಕೊರಗರದು ಇನ್ನೊಂದು. ಕಾಕನಕೋಟೆಯಲ್ಲಿ ಮಹಾರಾಜರ ಖೆಡ್ಡಾಗಳಿಗೆ ಆನೆಯ ಜಾಡು ತೋರಿಸಿದವರ ಮೊಮ್ಮಕ್ಕಳು ಇವರು. 1974ರಲ್ಲಿ ಬೀಚನಹಳ್ಳಿಯ ಕಬಿನಿ ಜಲಾಶಯ ಬಂತು, ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಯಿತು, ಕಾಡು ಒಂದೊಂದೇ ಗಡಿ ಹಿಂದೆ ಸರಿಯಿತು. ಹೈಕೋರ್ಟು ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ ಪುನರ್ವಸತಿ ಬೇಕಾದ ಆದಿವಾಸಿ ಕುಟುಂಬಗಳು 3,418 ಎಂದು 2014ರಲ್ಲಿ ವರದಿ ಕೊಟ್ಟಿತು. ಆ ವರದಿಯ ನ್ಯಾಯ ಇನ್ನೂ ಪೂರ್ತಿ ನೆಲಕ್ಕಿಳಿದಿಲ್ಲ.

ಆದಿವಾಸಿಗಳು ವಾಸಿಸುವ ಹಾಡಿಯೊಂದಕ್ಕೆ ಒಬ್ಬ ಕಥೋಲಿಕ ಸಿಸ್ಟರ್ ಜೊತೆ ಹೋದೆ. ಕೇರಳದ ಹಳ್ಳಿಯಿಂದ ಬಂದವರು, ಕನ್ನಡ ಮಾತಾಡುವಾಗ ಮೈಸೂರು ಸೀಮೆಯ ರಾಗವೇ ಬಂದುಬಿಟ್ಟಿದೆ. ಬಿಳಿ ಸೀರೆಯ ಅಂಚೆಲ್ಲ ಕೆಸರು. ಬಟ್ಟೆ ಚೀಲದಲ್ಲಿ ಬಿ.ಪಿ. ನೋಡುವ ಪಟ್ಟಿ, ಕಬ್ಬಿಣದ ಮಾತ್ರೆ, ಓ.ಆರ್.ಎಸ್. ಪೊಟ್ಟಣ, ಗಾಯದ ಮುಲಾಮು, ಮಕ್ಕಳಿಗೆ ಬೆಲ್ಲದ ಕಡ್ಲೆಮಿಠಾಯಿ. "ಅಮ್ಮ ಬಂದ್ರು" ಎಂದು ಮಕ್ಕಳು ಓಡಿ ಬಂದವು. ಒಂದು ಗುಡಿಸಿಲಿನ ಮುಂದೆ ಅವರು ಕುಕ್ಕರುಗಾಲಿನಲ್ಲಿ ಕೂತು, ಬಸುರಿ ಹುಡುಗಿಯೊಬ್ಬಳ ರೆಪ್ಪೆ ಬಿಡಿಸಿ ನೋಡಿದರು. ಬಣ್ಣವೇ ಇರಲಿಲ್ಲ. ಕುಡುಗೋಲು ಕಣ ರಕ್ತಹೀನತೆ ಈ ಜನರಲ್ಲಿ ಹೆಚ್ಚು. 2023ರಲ್ಲಿ ಅದರ ನಿರ್ಮೂಲನೆಗೆ ರಾಷ್ಟ್ರೀಯ ಯೋಜನೆ ಶುರುವಾಗಿದೆ. ಆದರೆ ಪರೀಕ್ಷೆ ಮಾಡಿಸಲು ಪೇಟೆಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ಸಿಸ್ಟರ್ ಹುಡುಗಿಯ ಅತ್ತೆಯ ಜೊತೆ ಬಹಳ ಹೊತ್ತು ಮಾತಾಡಿದರು. ಗದರಲಿಲ್ಲ, ಬೇಡಲೂ ಇಲ್ಲ. ಗುರುವಾರ ಜೀಪು ಕಳಿಸುತ್ತೇನೆ, ನೀನೂ ಜೊತೆಗೆ ಬಾ, ಕೂಲಿ ತಪ್ಪಿದ್ದಕ್ಕೆ ಸಂಘದಿಂದ ಕೇಳೋಣ ಎಂದರು. ಅತ್ತೆ ಒಪ್ಪಿದಳು.

ನನಗೆ ಆಗ ನೆನಪಾದವರು ಅಬ್ಬೆ ದುಬ್ವಾ. ಟಿಪ್ಪುವಿನ ಪತನದ ನಂತರ ಶ್ರೀರಂಗಪಟ್ಟಣಕ್ಕೆ ಬಂದು, ನಮ್ಮವರಂತೆ ಉಟ್ಟು ಉಂಡು, 'ದೊಡ್ಡ ಸ್ವಾಮಿ' ಎನ್ನಿಸಿಕೊಂಡ ಫ್ರೆಂಚ್ ಪಾದ್ರಿ. ಸಿಡುಬಿನ ಲಸಿಕೆಯನ್ನು ಮೈಸೂರು ಸೀಮೆಯಲ್ಲಿ ಜನರಿಗೆ ಒಪ್ಪಿಸಿದವರಲ್ಲಿ ಅವರು ಮೊದಲಿಗರು. 1803-04ರಲ್ಲಿ ಅವರ ಲೆಕ್ಕದ ಪುಸ್ತಕದಲ್ಲಿ ದಾಖಲಾದ ಲಸಿಕೆಗಳು 25,432. ರಸ್ತೆಯಿಲ್ಲದ, ಭಯ ತುಂಬಿದ ಆ ಕಾಲದಲ್ಲಿ ಒಂದೊಂದು ತೋಳನ್ನೂ ಮಾತಿನಿಂದ ಒಲಿಸಿಕೊಂಡಿರಬೇಕು. ಇನ್ನೂರು ವರ್ಷದ ಮೇಲೆ ಅದೇ ಸೀಮೆಯ ಅಂಚಿನ ಹಾಡಿಯಲ್ಲಿ ಒಬ್ಬ ಸಿಸ್ಟರ್ ಕೆಸರಿನಲ್ಲಿ ಕೂತು ಒಬ್ಬ ಅತ್ತೆಯನ್ನು ಒಲಿಸುತ್ತಿದ್ದರು. ಈ ತಾಳ್ಮೆಯನ್ನು ಕಣ್ಣಾರೆ ಕಂಡೆನಲ್ಲ ಎಂದು ಮೈ ಜುಮ್ಮೆಂದಿತು.

ಈ ಸೀಮೆಯಲ್ಲಿ ಸಿಸ್ಟರ್‌ಗಳು ಒಂಟಿಯಲ್ಲ. 1984ರಲ್ಲಿ ಹುಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟಿನ ವೈದ್ಯರು ಕೆಂಚನಹಳ್ಳಿ, ಸರಗೂರು, ಹೊಸಹಳ್ಳಿಗಳಲ್ಲಿ ಆಸ್ಪತ್ರೆ ಶಾಲೆ ಕಟ್ಟಿದ್ದಾರೆ. ನಾನು ಹೋದ ಹಾಡಿಯಲ್ಲಿ ಕಾಯಿಲೆಯವರನ್ನು ಸಿಸ್ಟರ್ ಆ ಆಸ್ಪತ್ರೆಗೇ ಕಳಿಸುತ್ತಿದ್ದರು. ವಿವೇಕಾನಂದರ ಹೆಸರಿನ ಆಸ್ಪತ್ರೆಗೆ ಶಿಲುಬೆ ತೊಟ್ಟವರ ಜೀಪು ರೋಗಿಯನ್ನು ಕರೆತರುತ್ತದೆ, ಅಲ್ಲಿ ಯಾರೂ ಅದನ್ನು ವಿಶೇಷ ಎಂದು ಎಣಿಸುವುದಿಲ್ಲ.

ಎಲ್ಲವೂ ಸರಿಯಿದೆ ಎಂದು ನಾನು ಹೇಳಲಾರೆ. ಹೊರದೇಶದ ಹಣದ ಮೇಲೆ ನಿಂತ ಎಷ್ಟೋ ಕಾರ್ಯಕ್ರಮಗಳು ಆ ಹಣ ನಿಂತೊಡನೆ ನಿಲ್ಲುತ್ತವೆ, ಅದನ್ನು ನಂಬಿದ್ದ ಹಳ್ಳಿ ಕೈಬಿಟ್ಟಂತೆ ಆಗುತ್ತದೆ. ಹಾಸ್ಟೆಲಿಗೆ ಬಂದ ಹಾಡಿಯ ಮಗು ತನ್ನ ಭಾಷೆಯನ್ನು ಗೇಟಿನ ಹೊರಗೆ ಬಿಟ್ಟು ಬರಬೇಕಾದರೆ ಅದೂ ಒಂದು ನಷ್ಟವೇ. ನಾನು ಕಂಡವುಗಳಲ್ಲಿ ಗಟ್ಟಿಯಾಗಿ ನಿಂತದ್ದು ಸಂಘದ ಪೆಟ್ಟಿಗೆ ಮತ್ತು ಮನೆಬಾಗಿಲಿಗೆ ಹೋಗುವ ಕಾಲು, ಎರಡೇ. ಎರಡಕ್ಕೂ ದೊಡ್ಡ ಕಟ್ಟಡ ಬೇಕಿಲ್ಲ, ವರ್ಷಗಟ್ಟಲೆ ಬಿಡದೆ ಬರುವ ಜನ ಬೇಕು.

ಓದುಗರಲ್ಲಿ ಕಬಿನಿ ಸಫಾರಿಗೆ, ಬೈಲಕುಪ್ಪೆಗೆ ಹೋಗುವವರು ಬಹಳ ಮಂದಿ ಇದ್ದೀರಿ. ಮುಂದಿನ ಸಲ ಅರ್ಧ ದಿನ ಉಳಿಸಿಕೊಂಡು ಯಾವುದಾದರೂ ಧರ್ಮಕೇಂದ್ರದ ಬಾಗಿಲು ತಟ್ಟಿ, ಸಂಘದ ಸಭೆ ಯಾವತ್ತು ಎಂದು ಕೇಳಿ ಹೋಗಿ ಕೂತುಕೊಳ್ಳಿ. ಹಳೆ ಬಟ್ಟೆಯ ಮೂಟೆ ಒಯ್ಯಬೇಡಿ, ಅದು ಅಲ್ಲಿ ಬೇಕಾದಷ್ಟಿದೆ. ಏನು ಬೇಕು ಎಂದು ನಾನು ಕೇಳಿದಾಗ ಸಿಸ್ಟರ್ ಹೇಳಿದ್ದು ಮೂರೇ: ಜೀಪಿಗೆ ಡೀಸೆಲ್, ಕಬ್ಬಿಣದ ಮಾತ್ರೆ, ಮತ್ತು ಎಸ್.ಎಸ್.ಎಲ್.ಸಿ. ಕಟ್ಟಿರುವ ಹಾಡಿಯ ಮಕ್ಕಳಿಗೆ ಭಾನುವಾರ ಬಂದು ಗಣಿತ ಹೇಳಿಕೊಡುವ ಒಬ್ಬರು. ಮೊದಲ ಎರಡಕ್ಕೆ ದುಡ್ಡು ಕೊಟ್ಟರೆ ಸಾಕು. ಮೂರನೆಯದಕ್ಕೆ ಮೈಸೂರಿನಲ್ಲಿರುವ ನಿವೃತ್ತ ಗಣಿತ ಮೇಷ್ಟ್ರುಗಳು ಯಾರಾದರೂ ಮನಸ್ಸು ಮಾಡಬೇಕು.